ಹಾಸನದಲ್ಲಿ ಮನೆ ಕೊಳ್ಳುವ ಮುನ್ನ: ಕೈಯಲ್ಲಿ ಎಷ್ಟಿರಬೇಕು?

ಬೆಲೆ ಒಪ್ಪಿದ ಮೇಲೆ ಲೆಕ್ಕ ಹಾಕಬೇಡಿ, ಮುಂಗಡ ಕೊಡುವ ಮೊದಲೇ ಹಾಕಿ. ಹಾಸನ ನಗರದಲ್ಲಿ 40 ಲಕ್ಷದ ಹಳೇ ಮನೆ ಎಂದುಕೊಳ್ಳಿ. ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷದವರೆಗಿನ ಸಾಲಕ್ಕೆ ಮನೆ ಮೌಲ್ಯದ ಶೇ 90, ಅದಕ್ಕೂ ಮೇಲೆ 75 ಲಕ್ಷದವರೆಗೆ ಶೇ 80 ಮಿತಿ. ಅಂದರೆ ಸಾಲ ಹೆಚ್ಚೆಂದರೆ 32 ಲಕ್ಷ, ಉಳಿದ 8 ಲಕ್ಷ ನಿಮ್ಮದು.

ಬಹಳ ಜನ ಎಡವುವುದು ಇದರ ಮುಂದೆ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್, ಸರ್‌ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2. ನಗರದಲ್ಲಿ ಒಟ್ಟು ಶೇ 7.6, ಅಂದರೆ 3,04,000 ರೂಪಾಯಿ. ಮನೆ ಬೆಲೆ 10 ಲಕ್ಷ ಮೀರಿದರೆ ಸಾಲದ ಮಿತಿ ಲೆಕ್ಕ ಹಾಕುವಾಗ ಈ ಖರ್ಚನ್ನು ಮನೆ ಮೌಲ್ಯಕ್ಕೆ ಸೇರಿಸುವಂತಿಲ್ಲ. ಆ 8 ಲಕ್ಷವೂ ಸೇರಿ ಕೈಯಲ್ಲಿ 11,04,000 ಇಲ್ಲದೆ ಕರಾರಿಗೆ ಸಹಿ ಹಾಕಬೇಡಿ. ಕ್ರಯಪತ್ರದಲ್ಲಿ ಬೆಲೆ ಇಳಿಸಿ ಬರೆಸಿದರೆ ಸಾಲವೂ ಕುಗ್ಗುತ್ತದೆ. ಅದು ಅಪರಾಧವೂ ಹೌದು.

ಕಾಗದದಲ್ಲಿ ಮೊದಲು ಇ-ಖಾತೆ, ಅಂದರೆ ಸ್ಥಳೀಯ ಸಂಸ್ಥೆಯ ಆಸ್ತಿ ದಾಖಲೆಯ ಡಿಜಿಟಲ್ ಪ್ರತಿ. ಪಂಚಾಯಿತಿ ವ್ಯಾಪ್ತಿಯಾದರೆ ನಮೂನೆ 9 ಮತ್ತು 11ಎ ಕೇಳಿ. 11ಬಿ (ಅಧಿಕೃತ ಅನುಮೋದನೆ ಇಲ್ಲದ ಆಸ್ತಿಯ ನಮೂನೆ) ಇದ್ದರೆ ಬ್ಯಾಂಕುಗಳು ಸಾಮಾನ್ಯವಾಗಿ ಹಿಂಜರಿಯುತ್ತವೆ, ಮಾರುವವರು ಏನೇ ಹೇಳಲಿ. ತೋಟ, ಗದ್ದೆ ಒಡೆದು ಮಾಡಿದ ನಿವೇಶನವಾದರೆ ಭೂಪರಿವರ್ತನೆ ಆದೇಶ, ಬಡಾವಣೆ ನಕ್ಷೆಯ ಅನುಮೋದನೆ ಎರಡೂ ಬೇಕು. ಆಸ್ತಿ ಮೇಲಿನ ಸಾಲ, ವ್ಯವಹಾರ ತೋರಿಸುವ ಋಣಭಾರ ಪತ್ರವನ್ನು (ಇಸಿ) ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ನೀವೇ ತೆಗೆಯಿರಿ. ಮಾರುವವರ ಹಳೇ ಸಾಲ ಅಲ್ಲಿ ಕಂಡರೆ, ತೀರಿದ ಪತ್ರ ಬರುವತನಕ ಕಾಯಿರಿ.

ವಾಸದ ಮನೆಯ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ತೆರಿಗೆ ಕಡಿತ ಸಿಗುವುದು ಆದಾಯ ತೆರಿಗೆಯ ಹಳೇ ಪದ್ಧತಿಯಲ್ಲಿ ಮಾತ್ರ.