ವ್ಯಾಟ್ ಕಾಲದಲ್ಲಿ ಬಿಟ್ಟವಳು ಜಿಎಸ್‌ಟಿ ಕಾಲದಲ್ಲಿ ಮರಳಿದ್ದು

2016ರಲ್ಲಿ ಉಡುಪಿಯ ಆಡಿಟರ್ ಆಫೀಸಿನ ಕೆಲಸ ಬಿಟ್ಟಾಗ ಮಾರಾಟಕ್ಕೆ ಹಳೆಯ ವ್ಯಾಟ್ ತೆರಿಗೆ ಇತ್ತು, ಹೊರರಾಜ್ಯದ ಖರೀದಿಗೆ ತೆರಿಗೆ ಕಡಿಮೆಯಾಗಲು ಕೊಡುವ ಸಿ ಫಾರಂ ಇತ್ತು. ಮಗು, ಆಮೇಲೆ ಮಾವನವರ ಕಾಯಿಲೆ ಅಂತ ಕಾಪುವಿನ ಮನೆಯಲ್ಲೇ ಉಳಿದೆ. 2022ರಲ್ಲಿ ಮತ್ತೆ ಕೆಲಸ ಹುಡುಕಲು ಹೊರಟರೆ ಜಿಎಸ್‌ಟಿ ಬಂದೇ ಐದು ವರ್ಷ, ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಇಆರ್‌ಪಿ 9 ಹೋಗಿ ಟ್ಯಾಲಿಪ್ರೈಮ್. ಹೇಗೂ ಹೊಸದಾಗಿ ಕಲಿಯಬೇಕು, ಹಾಗಿದ್ದರೆ ಬೇರೆ ಕ್ಷೇತ್ರಕ್ಕೇ ಯಾಕೆ ಹೋಗಬಾರದು ಅನ್ನಿಸಿತು.

ಸಲಹೆಗೆ ಬರಗಾಲವಿರಲಿಲ್ಲ. ಮಣಿಪಾಲದ ಹತ್ತಿರ ಇದ್ದವರಿಗೆ ಮೆಡಿಕಲ್ ಕೋಡಿಂಗ್ (ರೋಗ, ಚಿಕಿತ್ಸೆಗಳನ್ನು ಬಿಲ್ಲಿಗಾಗಿ ಸಂಕೇತಗಳಲ್ಲಿ ಬರೆಯುವ ಕೆಲಸ) ಸಲಹೆ ತಪ್ಪಿದ್ದಲ್ಲ. ಆದರೆ ಅದಕ್ಕೆ ಹೋಗುವವರಲ್ಲಿ ಹೆಚ್ಚಿನವರು ನರ್ಸಿಂಗ್, ಫಾರ್ಮಸಿ, ಬಯಾಲಜಿ ಓದಿದವರು. ಬಿ.ಕಾಂ. ಮಾಡಿದ ನಾನು ದೇಹರಚನೆಯಿಂದ ಶುರು ಮಾಡಬೇಕು. ಅದನ್ನು ಅಲ್ಲಿಗೇ ಬಿಟ್ಟೆ.

"ಟೀಚರ್ ಆಗು ಮಾರಾಯ್ತಿ, ಮಗನಿಗೂ ನಿನಗೂ ಒಟ್ಟಿಗೆ ರಜೆ ಸಿಗ್ತದೆ" ಅಂದಳು ಅಕ್ಕ. ಇದನ್ನು ನಾನು ಗಂಭೀರವಾಗಿಯೇ ತೆಗೆದುಕೊಂಡೆ. ಸರಕಾರಿ ಪಿಯು ಕಾಲೇಜಿನಲ್ಲಿ ಕಾಮರ್ಸ್ ಕಲಿಸಲು ಎಂ.ಕಾಂ. ಬೇಕು, ಬಿ.ಎಡ್. ಕೂಡ ಬೇಕು. ಎರಡೆರಡು ವರ್ಷ, ಒಟ್ಟು ನಾಲ್ಕು. ಫೀಸ್ ಕಟ್ಟುವ ಮೊದಲು ಕೆಲಸ ಹೇಗಿರುತ್ತದೆ ಅಂತ ನೋಡೋಣವೆಂದು ನೆರೆಕರೆಯ ಪಿಯು ಮಕ್ಕಳಿಗೆ ಚಾವಡಿಯಲ್ಲಿ ಅಕೌಂಟೆನ್ಸಿ ಟ್ಯೂಷನ್ ಹಿಡಿದೆ. ಒಬ್ಬರಿಗೆ ಅರ್ಥವಾಗುವ ಹಾಗೆ ಹೇಳುವುದು ಖುಷಿ ಕೊಟ್ಟಿತು. ಅದೇ ಜರ್ನಲ್ ಎಂಟ್ರಿಯನ್ನು ಮತ್ತೆ ಮತ್ತೆ ಹೇಳುವಾಗ ಮಾತ್ರ ತಾಳ್ಮೆ ಕೈಕೊಡುತ್ತಿತ್ತು. ಕಲಿಸುವವರಿಗೆ ಬೇಕಾದದ್ದು ಆ ತಾಳ್ಮೆಯೇ ಅಲ್ಲವೇ?

ಅದೇ ಹೊತ್ತಿಗೆ ಪರಿಚಯದ ಆಡಿಟರೊಬ್ಬರಲ್ಲಿ ಹೋಗಿ, "ಸರ್, ಸಂಬಳ ಬೇಡ, ಮಧ್ಯಾಹ್ನ ಬಂದು ಕೂತ್ಕೊಳ್ತೇನೆ, ಕೆಲಸ ತೋರಿಸಿ" ಎಂದು ಕೇಳಿದ್ದೆ. ಅವರು ಕೊಟ್ಟದ್ದು ಗೇರುಬೀಜ ಫ್ಯಾಕ್ಟರಿಯ ಫೈಲು. ಸಿಪ್ಪೆ ತೆಗೆಯದ ಗೇರುಬೀಜವನ್ನು ಕೃಷಿಕರಿಂದ ಕೊಂಡರೆ ಜಿಎಸ್‌ಟಿ ಕಟ್ಟಬೇಕಾದವರು ಕೃಷಿಕರಲ್ಲ, ಕೊಂಡ ಫ್ಯಾಕ್ಟರಿಯವರು. ಇದಕ್ಕೆ ರಿವರ್ಸ್ ಚಾರ್ಜ್ ಅಂತ ಹೆಸರು. ಫ್ಯಾಕ್ಟರಿಯೇ ತನ್ನ ಹೆಸರಿಗೆ ಬಿಲ್ ಮಾಡಿಕೊಂಡು 5% ಕಟ್ಟಬೇಕು. ಖಾತೆಯಲ್ಲಿ ಇನ್‌ಪುಟ್ ಕ್ರೆಡಿಟ್ (ಖರೀದಿಯ ಮೇಲೆ ಆಗಲೇ ಕಟ್ಟಿದ ತೆರಿಗೆಯ ಜಮೆ) ಎಷ್ಟೇ ಇದ್ದರೂ ಅದರಲ್ಲಿ ವಜಾ ಮಾಡುವ ಹಾಗಿಲ್ಲ, ಕ್ಯಾಶ್ ಲೆಡ್ಜರಿನಿಂದಲೇ, ಅಂದರೆ ಹಣ ತುಂಬಿಯೇ ಕಟ್ಟಬೇಕು. ಕಟ್ಟಿದ ಮೇಲೆ ಅದನ್ನೇ ಕ್ರೆಡಿಟ್ ಆಗಿ ಪಡೆಯಬಹುದು.

ಓದುತ್ತಾ ಹೋದ ಹಾಗೆ ಇದು ಪೂರ್ತಿ ಹೊಸದಲ್ಲ ಅಂತ ತಿಳಿಯಿತು. ನೋಂದಣಿ ಇಲ್ಲದವರಿಂದ ಕೊಂಡರೆ ಕೊಂಡವರೇ ತೆರಿಗೆ ಕಟ್ಟುವ ಸೆಕ್ಷನ್ ನಮ್ಮ ವ್ಯಾಟಿನಲ್ಲೂ ಇತ್ತು. ಫೈಲಿನಲ್ಲಿ ಒಂದು ತಿಂಗಳ ಲೆಕ್ಕ ತಾಳೆಯಾಗುತ್ತಿರಲಿಲ್ಲ. ಕೂತು ಬಿಲ್ ತಿರುವಿ ಹಾಕಿದರೆ, ತೆರಿಗೆ ಹಾಕಿಯೇ ಮಾರಿದ್ದ ವ್ಯಾಪಾರಿಯೊಬ್ಬರ ಬಿಲ್ ಕೃಷಿಕರ ಪಟ್ಟಿಗೆ ಸೇರಿಕೊಂಡಿತ್ತು. ಒಂದೇ ಮಾಲಿಗೆ ಎರಡು ಸಲ ತೆರಿಗೆ! ಅದು ಸಿಕ್ಕಿದಾಗ ಕಾಫಿಗೆ ಏಳುವುದೂ ಮರೆತುಹೋಗಿತ್ತು. ಟ್ಯೂಷನ್ನಿನಲ್ಲಿ ನಾನು ಗಡಿಯಾರ ನೋಡದ ದಿನವೇ ಇರಲಿಲ್ಲ.

ಹಾಗಾದರೆ ಲೆಕ್ಕದ ಕೆಲಸ ಬೇಡ ಅನ್ನಿಸಿದ್ದು ಯಾಕೆ? ಯೋಚಿಸಿದರೆ, ನನಗೆ ಸಾಕಾಗಿದ್ದು ಸೆಪ್ಟೆಂಬರ್. ಟ್ಯಾಕ್ಸ್ ಆಡಿಟ್ ರಿಪೋರ್ಟಿಗೆ 30ನೇ ತಾರೀಕು ಕಡೇ ದಿನ. ಆ ತಿಂಗಳಿಡೀ ರಾತ್ರಿಯವರೆಗೆ ಆಫೀಸು, ಆಮೇಲೆ ಕಾಪುವಿಗೆ ಬಸ್ಸು ಹುಡುಕುವ ಕೆಲಸ. ಬದಲಿಸಬೇಕಾದದ್ದು ಕೆಲಸ ಮಾಡುವ ಜಾಗ, ಕ್ಷೇತ್ರವಲ್ಲ. ಆಡಿಟರ್ ಆಫೀಸುಗಳನ್ನು ಬಿಟ್ಟು ಕಂಪೆನಿಗಳ ಅಕೌಂಟ್ಸ್ ಕೆಲಸಕ್ಕಷ್ಟೇ ಅರ್ಜಿ ಹಾಕಿದೆ. ಅಲ್ಲಿ ತಿಂಗಳಿಗೆ ಎರಡು ಗಡಿಬಿಡಿಯ ದಿನ: ಜಿಎಸ್‌ಟಿಆರ್-1ಕ್ಕೆ (ಮಾರಾಟದ ವಿವರ) 11, 3ಬಿಗೆ (ತೆರಿಗೆ ಕಟ್ಟುವ ರಿಟರ್ನ್) 20ನೇ ತಾರೀಕು.

ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದಲ್ಲಿ ಒಂದು ಕೆಲಸ ಕೂಡಿ ಬಂತು. ಇಂಟರ್‌ವ್ಯೂನಲ್ಲಿ ಇಷ್ಟು ವರ್ಷ ಏನು ಮಾಡಿದ್ರಿ ಅಂತ ಕೇಳಿದರು. ಮನೆಯಲ್ಲಿದ್ದೆ ಎಂದು ಒಂದು ವಾಕ್ಯದಲ್ಲಿ ಮುಗಿಸಿ ಗೇರುಬೀಜದ ಫೈಲಿನ ಕತೆ ಹೇಳಿದೆ. ಉಳಿದ ಮಾತೆಲ್ಲ ಅದರ ಮೇಲೆಯೇ ಹೋಯಿತು. ಸಂಬಳ ಮಾತ್ರ ಹೊಸಬರದ್ದೇ. ಒಪ್ಪಿಕೊಂಡೆ, ಆದರೆ ಆರು ತಿಂಗಳಿಗೆ ಸಂಬಳ ಪರಿಶೀಲಿಸುತ್ತೇವೆ ಎಂಬ ಮಾತನ್ನು ಆಫರ್ ಲೆಟರಿನಲ್ಲಿ ಬರೆಸಿಕೊಂಡೆ. ಬಾಯಿಮಾತಿನ ಭರವಸೆ ಎಚ್‌ಆರ್ ಬದಲಾದರೆ ಅವರ ಜೊತೆಗೇ ಹೋಗುತ್ತದೆ.

ಈಗ ಸೆಪ್ಟೆಂಬರಿನಲ್ಲಿ ನಮ್ಮ ಆಡಿಟರ ಕಡೆಯ ಹುಡುಗರು ಕೇಳುವ ಕಾಗದಗಳನ್ನೆಲ್ಲ ಆಗಸ್ಟಿನಲ್ಲೇ ಜೋಡಿಸಿಡುತ್ತೇನೆ. ಏನೇನು ಕೇಳುತ್ತಾರೆ ಅಂತ ನನಗೆ ಗೊತ್ತಲ್ಲ.