ಸ್ಟುಡಿಯೋದ ಹಾರ್ಡ್ ಡಿಸ್ಕಿಗೆ ಹೆಬ್ಬೆಟ್ಟಿನ ಬೀಗ

ನಮ್ಮದು ಮದುವೆ ಫೋಟೋ ತೆಗೆಯುವ ಸಣ್ಣ ಸ್ಟುಡಿಯೋ. ಮೂರು ಜನ ಇದ್ದೇವೆ. ನಾನು, ಇನ್ನೊಬ್ಬ ಕ್ಯಾಮೆರಾಮನ್, ಎಡಿಟಿಂಗ್ ಮಾಡುವ ಹುಡುಗಿ. ಫೋಟೋ, ವಿಡಿಯೋ ಎಲ್ಲ ಒಂದೇ ಡಿಸ್ಕಿನಲ್ಲಿ ಮೂವರ ಬ್ಯಾಗಿನಲ್ಲೂ ಓಡಾಡುತ್ತದೆ. ಒಂದು ಸಲ ಆ ಡಿಸ್ಕನ್ನು ಬಸ್ಸಿನಲ್ಲೇ ಬಿಟ್ಟು ಇಳಿದುಬಿಟ್ಟೆ. ಕಂಡಕ್ಟರ್ ಡಿಪೋದಲ್ಲಿ ಕೊಟ್ಟಿದ್ದರು, ಮರುದಿನ ಸಿಕ್ಕಿತು. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಮದುಮಗಳ ಅಲಂಕಾರದ ಕೋಣೆಯಲ್ಲಿ ತೆಗೆದ ಫೋಟೋಗಳು ಅದರಲ್ಲಿದ್ದವು. ನಮ್ಮನ್ನು ನಂಬಿ ಒಳಗೆ ಬಿಟ್ಟುಕೊಂಡ ಮನೆಯವರ ಫೋಟೋಗಳು. ಯಾರ ಕೈಗೆ ಸಿಕ್ಕಿದ್ದರೂ ವೈರ್ ಚುಚ್ಚಿದ ಕೂಡಲೇ ಎಲ್ಲ ಕಾಣುತ್ತಿತ್ತು.

ಅದಾದ ಮೇಲೆ ಫಿಂಗರ್‌ಪ್ರಿಂಟ್ ಇರುವ ಎಸ್‌ಎಸ್‌ಡಿ, ಅಂದರೆ ಒಳಗೆ ತಿರುಗುವ ಭಾಗಗಳಿಲ್ಲದ ಡಿಸ್ಕ್, ತಗೊಂಡೆವು. ನಮ್ಮದು ಸ್ಯಾಮ್‌ಸಂಗ್ ಟಿ7 ಟಚ್, 2020ರಲ್ಲಿ ಬಂದ ಮಾಡೆಲ್. ಇದರಲ್ಲಿ 4 ಬೆರಳು ಸೇರಿಸಬಹುದು. ಲೆಕ್ಸಾರ್‌ನ ಎಫ್35 ಪೆನ್‌ಡ್ರೈವ್‌ನಲ್ಲಿ 10 ಬೆರಳಿಗೆ ಜಾಗ ಇದೆ. ಯಾವುದನ್ನೇ ಕೊಳ್ಳಿ, ಡಬ್ಬದ ಮೇಲೆ 256 ಬಿಟ್ ಎಇಎಸ್ ಎನ್‌ಕ್ರಿಪ್ಷನ್ ಎಂದು ಬರೆದಿದೆಯಾ ನೋಡಿ. ಒಳಗಿನದನ್ನೆಲ್ಲ ಕೀ ಇಲ್ಲದೆ ಓದಲಾಗದ ಹಾಗೆ ಕಲಸಿಡುವ ವಿಧಾನ ಅದು. ಬೆರಳು ಒತ್ತಿದರೆ ಫೋಲ್ಡರ್ ಕಾಣುವುದು, ಒತ್ತದಿದ್ದರೆ ಅಡಗುವುದು, ಇಷ್ಟೇ ಇದ್ದರೆ ಅದು ಬೀಗವಲ್ಲ, ಬಾಗಿಲಿಗೆ ಇಳಿಬಿಟ್ಟ ಪರದೆ.

ಈಗ ಸೆಟ್ ಮಾಡುವ ಕೆಲಸ. ಮೊದಲು ಡಿಸ್ಕಿನಲ್ಲಿರುವುದನ್ನೆಲ್ಲ ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಿ. ಆಮೇಲೆ ಡಿಸ್ಕಿನ ಜೊತೆಗೇ ಬಂದಿರುವ ಸಾಫ್ಟ್‌ವೇರನ್ನು ಲ್ಯಾಪ್‌ಟಾಪಿಗೆ ಹಾಕಿ. ಅದು ಮೊದಲು ಕೇಳುವುದು ಪಾಸ್‌ವರ್ಡ್, ಬೆರಳಲ್ಲ. ಎಷ್ಟೋ ಜನ ಇಲ್ಲಿ ಸುಮ್ನೆ 1234 ಅಂತ ಒತ್ತಿ ಮುಂದೆ ಹೋಗುತ್ತಾರೆ, ಹೇಗೂ ಬೆರಳು ಇದೆಯಲ್ಲ ಅಂತ. ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಬೆರಳು ಇಲ್ಲದವನಿಗೂ ಪಾಸ್‌ವರ್ಡಿನ ದಾರಿ ತೆರೆದೇ ಇರುತ್ತದೆ. ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕೈದು ಪದ ಸೇರಿಸಿ ಉದ್ದದ ಪಾಸ್‌ವರ್ಡ್ ಮಾಡಿ. ಕಾಗದದಲ್ಲಿ ಬರೆದು ಮನೆಯ ಬೀರುವಿನಲ್ಲಿಡಿ, ಡಿಸ್ಕಿನ ಪೌಚಿನಲ್ಲಿ ಬೇಡ. ಪಾಸ್‌ವರ್ಡ್ ಮರೆತು ಬೆರಳೂ ಹಿಡಿಯದೆ ಹೋದರೆ ಒಳಗಿನ ಫೋಟೋಗಳ ಆಸೆ ಬಿಡಬೇಕು.

ಇನ್ನು ಬೆರಳುಗಳು. ಇರುವ 4ರಲ್ಲಿ ನಾನು ಎರಡು ಇಟ್ಟುಕೊಂಡೆ, ಬಲಗೈ ಹೆಬ್ಬೆಟ್ಟು ಮತ್ತು ಎಡಗೈ ತೋರುಬೆರಳು. ಉಳಿದ ಇಬ್ಬರದು ಒಂದೊಂದು. ಒಂದು ಕೈಗೆ ಗಾಯವಾಗಿ ಬ್ಯಾಂಡೇಜ್ ಸುತ್ತಿದರೆ ಇನ್ನೊಂದು ಕೈ ಇರಲಿ ಅಂತ. ಬೆರಳು ಸೇರಿಸುವಾಗ ಒಂದೇ ಕಡೆ ಒತ್ತುತ್ತಾ ಕೂರಬೇಡಿ. ಒಮ್ಮೆ ನಡುವೆ, ಒಮ್ಮೆ ತುದಿ, ಆಮೇಲೆ ಸ್ವಲ್ಪ ಎಡಕ್ಕೆ, ಬಲಕ್ಕೆ ವಾಲಿಸಿ ಒತ್ತಿ. ಛತ್ರದಲ್ಲಿ ಅವಸರಕ್ಕೆ ನೀವು ಓರೆಯಾಗೇ ಒತ್ತುವುದು, ಅಲ್ವಾ? ಊಟ ಮುಗಿಸಿ ಕೈ ತೊಳೆದು ಒದ್ದೆ ಬೆರಳಿಟ್ಟರೆ ತೆರೆಯುವುದಿಲ್ಲ, ಒರೆಸಿಕೊಳ್ಳಿ. ದುಡಿದು ಸವೆದ ಬೆರಳುಗಳನ್ನು ರೇಷನ್ ಅಂಗಡಿಯ ಮೆಷಿನ್ ಹಿಡಿಯದೆ ಹಿರಿಯರು ಒದ್ದಾಡುವುದನ್ನು ನೋಡಿರುತ್ತೀರಿ. ನಿಮ್ಮ ಜೊತೆಗಾರರಲ್ಲಿ ಯಾರಿಗಾದರೂ ಹಾಗಿದ್ದರೆ ಬೇರೆ ಬೇರೆ ಬೆರಳು ಹಚ್ಚಿ ನೋಡಿ, ಚೆನ್ನಾಗಿ ಹಿಡಿಯುವುದನ್ನೇ ಸೇರಿಸಿ.

ಒಂದು ವಿಷಯ ಸರಿಯಾಗಿ ತಿಳಿದುಕೊಳ್ಳಿ. ಯಾರ ಬೆರಳಿಂದ ತೆರೆದರೂ ಡಿಸ್ಕ್ ಪೂರ್ತಿ ತೆರೆಯುತ್ತದೆ. ಇವರಿಗೆ ಈ ಫೋಲ್ಡರ್, ಅವರಿಗೆ ಆ ಫೋಲ್ಡರ್ ಅಂತ ನಮ್ಮ ಡಿಸ್ಕಿನಲ್ಲಿ ಇಲ್ಲ. ಒಮ್ಮೆ ತೆರೆದರೆ ವೈರ್ ಕೀಳುವ ತನಕ ತೆರೆದೇ ಇರುತ್ತದೆ. ಹಾಗಾಗಿ ಟೀ ಕುಡಿಯಲು ಎದ್ದರೂ ಇಜೆಕ್ಟ್ ಮಾಡಿ ಕಿತ್ತಿಡುವುದು ನಮ್ಮಲ್ಲಿ ಈಗ ರೂಢಿ. ಕೆಲಸ ಬಿಟ್ಟು ಹೋದವರ ಬೆರಳನ್ನು ಅವತ್ತೇ ತೆಗೆಯಿರಿ. ಪಾಸ್‌ವರ್ಡ್ ಅವರಿಗೆ ಗೊತ್ತಿದ್ದರೆ ಅದನ್ನೂ ಬದಲಿಸಿ.

ಹೊಸ ಡಿಸ್ಕ್ ಕೊಳ್ಳಲು ಈಗ ಆಗದಿದ್ದರೆ? ಲ್ಯಾಪ್‌ಟಾಪಿನಲ್ಲಿ ಫಿಂಗರ್‌ಪ್ರಿಂಟ್ ಇದೆ, ಸಾಕು ಅಂದುಕೊಳ್ಳಬೇಡಿ. ಅದು ಲ್ಯಾಪ್‌ಟಾಪಿನ ಬಾಗಿಲು ಮಾತ್ರ, ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿದರೆ ಎಲ್ಲ ಕಾಣುತ್ತದೆ. ವಿಂಡೋಸ್ ಪ್ರೋ ಇದ್ದರೆ ಅದರಲ್ಲೇ ಇರುವ ಬಿಟ್‌ಲಾಕರ್ ಎಂಬ ಬೀಗವನ್ನು ಹಳೆಯ ಡಿಸ್ಕಿಗೇ ಹಾಕಿ ಪಾಸ್‌ವರ್ಡ್ ಕೊಡಿ, ಪಾಸ್‌ವರ್ಡ್ ಮರೆತರೆ ತೆರೆಯಲು ಅದು ಕೊಡುವ ರಿಕವರಿ ಕೀಯನ್ನು ಪ್ರಿಂಟ್ ತೆಗೆದಿಡಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಮಾತ್ರ ತಾನಾಗಿ ತೆರೆಯುವ ಹಾಗೆ ಮಾಡಿಕೊಂಡರೆ, ಬೆರಳೊತ್ತಿ ಲಾಗಿನ್ ಆದರೆ ಸಾಕು. ವಿಂಡೋಸ್ ಹೋಮ್‌ನಲ್ಲಿ ಬೀಗ ಹಾಕಲು ಆಗುವುದಿಲ್ಲ, ಹಾಕಿದ್ದನ್ನು ತೆರೆಯಬಹುದು.

ಬೆರಳಿನ ಮೇಲೆ ಅತಿಯಾದ ನಂಬಿಕೆಯೂ ಬೇಡ. 2013ರಲ್ಲಿ ಐಫೋನಿಗೆ ಫಿಂಗರ್‌ಪ್ರಿಂಟ್ ಬಂದ ಕೆಲವೇ ದಿನಗಳಲ್ಲಿ ಜರ್ಮನಿಯ ಹ್ಯಾಕರ್‌ಗಳ ಸಂಘ ಕೇಯಾಸ್ ಕಂಪ್ಯೂಟರ್ ಕ್ಲಬ್‌ನವರು ಗಾಜಿನ ಮೇಲೆ ಉಳಿದ ಬೆರಳ ಗುರುತಿನ ಫೋಟೋ ತೆಗೆದು, ಅದರಿಂದ ನಕಲಿ ಬೆರಳು ಮಾಡಿ ತೆರೆದು ತೋರಿಸಿದರು. 2018ರಲ್ಲಿ ನೆದರ್‌ಲೆಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದವರು ಕೆಲವು ಎಸ್‌ಎಸ್‌ಡಿಗಳ ಎನ್‌ಕ್ರಿಪ್ಷನ್‌ನಲ್ಲೇ ದೋಷ ಹುಡುಕಿದರು, ಪಾಸ್‌ವರ್ಡ್ ಗೊತ್ತಿಲ್ಲದೆಯೇ ಡೇಟಾ ತೆಗೆಯಲು ದಾರಿ ಇತ್ತು. ಬಸ್ಸಿನಲ್ಲಿ ಸಿಕ್ಕಿದವರು ಇಷ್ಟೆಲ್ಲ ಮಾಡುವುದಿಲ್ಲ ನಿಜ. ಆದರೂ ಡಿಸ್ಕಿನ ಫರ್ಮ್‌ವೇರ್‌ಗೆ, ಅಂದರೆ ಡಿಸ್ಕಿನೊಳಗೇ ಇದ್ದು ಅದನ್ನು ನಡೆಸುವ ಸಾಫ್ಟ್‌ವೇರಿಗೆ, ಅಪ್‌ಡೇಟ್ ಬಂದರೆ ಮುಂದೂಡಬೇಡಿ.

ಆಲ್ಬಂ ಪ್ರಿಂಟ್ ಮಾಡಿಸುವ ಲ್ಯಾಬಿಗೆ ಮಾತ್ರ ಈ ಡಿಸ್ಕ್ ಹೋಗುವುದೇ ಇಲ್ಲ. ಆರಿಸಿದ ಶೀಟುಗಳನ್ನಷ್ಟೇ ಒಂದು ಪೆನ್‌ಡ್ರೈವಿಗೆ ಹಾಕಿ ಕೊಡುತ್ತೇವೆ, ಆಲ್ಬಂ ಕೈಗೆ ಬಂದ ದಿನ ಅದನ್ನು ಫಾರ್ಮ್ಯಾಟ್ ಮಾಡುತ್ತೇವೆ.