ಸಿಮೆಂಟ್ ಕಿತ್ತೆವು, ಮನೆ ಉಳಿಯಿತು

ಗದಗ-ಬೆಟಗೇರಿಯಲ್ಲಿ ನಮ್ಮದು ಅಜ್ಜನ ಕಾಲದ ಮಾಳಿಗೆ ಮನೆ. ಎರಡಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣು. ಮುಂದೆ ಅಪ್ಪ ಕಟ್ಟಿಸಿದ ಒಂದು ಆರ್‌ಸಿಸಿ ಖೋಲಿ. ಹಳೆಯದನ್ನೆಲ್ಲ ಕೆಡವಿ ಹೊಸದು ಕಟ್ಟೋಣ ಅಂತ ಗೌಂಡಿಯನ್ನು ಕರೆಸಿದ್ದೆ. ಏಪ್ರಿಲ್ ತಿಂಗಳು. ಖರ್ಚಿನ ಲೆಕ್ಕ ಹಾಕಲು ಖೋಲಿಯಲ್ಲಿ ಕೂರಲಾಗದೆ ಇಬ್ಬರೂ ಎದ್ದು ಹಳೇ ಪಡಸಾಲೆಗೆ ಬಂದೆವು. ಯಾವುದನ್ನು ಕೆಡವಬೇಕು ಅಂತ ಮಾತಾಡುತ್ತಿದ್ದೆವೋ ಅದರ ನೆರಳಲ್ಲೇ ಕೂತಿದ್ದೆವು. ನನಗೆ ನಗು ಬಂತು.

ಮರುದಿನ ಎರಡೂ ಕಡೆ ಥರ್ಮಾಮೀಟರ್ ತೂಗುಹಾಕಿದೆ. ಸಂಜೆ ನಾಲ್ಕಕ್ಕೆ ಖೋಲಿಯಲ್ಲಿ 39, ಪಡಸಾಲೆಯಲ್ಲಿ 33 ಡಿಗ್ರಿ. ದಪ್ಪ ಮಣ್ಣಿನ ಗೋಡೆ ದಾಟಿ ಬಿಸಿ ಒಳಗೆ ಬರುವಷ್ಟರಲ್ಲಿ ರಾತ್ರಿಯಾಗಿರುತ್ತದೆ. ಆಗ ಬೆಳಕಿಂಡಿ ತೆಗೆದರೆ ಬಿಸಿ ಹೊರಗೆ ಹೋಗುತ್ತದೆ.

ಕೆಡವುವ ವಿಚಾರ ಬಿಟ್ಟೆ. ಆದರೆ ಗೋಡೆಗಳ ಸ್ಥಿತಿ ಚೆನ್ನಾಗಿರಲಿಲ್ಲ. ಗಟ್ಟಿಯಾಗಿರಲಿ ಅಂತ ಅಪ್ಪ ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾಯಿ, ಅಂದರೆ ಪ್ಲಾಸ್ಟರ್, ಮಾಡಿಸಿದ್ದರು. ನೆಲದ ತೇವ ಮಣ್ಣಿನ ಗೋಡೆಗೆ ಏರುತ್ತದೆ, ಗಾಳಿಗೆ ಆರುತ್ತದೆ. ಸಿಮೆಂಟ್ ಬಳಿದರೆ ಆರಲು ದಾರಿಯೇ ಇಲ್ಲ. ಉಳಿ ಹಾಕಿ ಎಬ್ಬಿಸಿದರೆ ಗಿಲಾಯಿ ರೊಟ್ಟಿಯ ಹಾಗೆ ಇಡಿಯಾಗಿ ಬಂತು. ಅದರ ಹಿಂದೆ ಬಿಳಿ ಉಪ್ಪಿನ ಪುಡಿ, ಬೆರಳಿಟ್ಟರೆ ಉದುರುವ ಒದ್ದೆ ಮಣ್ಣು. ಗಟ್ಟಿ ಮಾಡಲು ಹೋಗಿ ಒಳಗೊಳಗೇ ಕೊಳೆಸಿದ್ದೆವು.

ಮೊದಲು ನಾನೇ ಹೊಲದ ಎರೆಮಣ್ಣು ತಂದು ಮೆತ್ತಿದೆ. ನಾಲ್ಕೇ ದಿನಕ್ಕೆ ಬೇಸಿಗೆಯ ಹೊಲದಂತೆ ಬಿರುಕು ಬಿಟ್ಟಿತು. ಒದ್ದೆಯಾದಾಗ ಉಬ್ಬಿ, ಒಣಗಿದಾಗ ಕುಗ್ಗುವ ಮಣ್ಣು ಅದು. ಗೊತ್ತಿದ್ದೂ ಮಾಡಿದ ದಡ್ಡತನ. ಆಮೇಲೆ ಹಿಂದಿನ ಓಣಿಯ ಆಯಿಯೊಬ್ಬರನ್ನು ಕೇಳಿಕೊಂಡೆ. ಅವರು ಕೆಂಪು ಮಣ್ಣು, ಉಸುಕು, ಗೋಧಿ ಹೊಟ್ಟು, ಸಗಣಿ ಸೇರಿಸಿ ತುಳಿಸಿದರು. ನಾಲ್ಕನೇ ದಿನ ನಾನು ಅವಸರ ಮಾಡಿದೆ. ಆಯಿ ಒಂದು ಚಿಟಿಕೆ ಮಣ್ಣು ತಿಕ್ಕಿ, ಮೂಸಿ ನೋಡಿದರು. "ಇನ್ನ ಹಸೇದೈತಿ ತಮ್ಮಾ, ಎಂಟ್ ದಿನಾ ಕೊಳೀಲಿ ಬಿಡು." ಹೊಟ್ಟು ಕೊಳೆತಾಗ ಮಣ್ಣಿಗೆ ಜಿಗುಟು ಬರುತ್ತದಂತೆ. ವಾಸನೆಯೂ ಬಂತು. ಪಕ್ಕದ ಮನೆಯವರು ಕಾಂಪೌಂಡ್ ಮೇಲಿಂದಲೇ ಕೇಳಿದರು: "ಏನ್ರೀ, ಎತ್ತು ಕಟ್ಟೀರೇನ?"

ಆ ಗಿಲಾಯಿ ಇವತ್ತಿಗೂ ಸರಿಯಾಗಿದೆ. ಮೇಲೆ ಬರೀ ಸುಣ್ಣ. ಆಯಿಲ್ ಪೇಂಟ್ ಹಚ್ಚಿದರೆ ಮತ್ತೆ ಅದೇ ಕತೆ, ಅಲ್ವಾ?

ಮಾಳಿಗೆಯ ಹನ್ನೊಂದು ಜಂತಿಗಳಿಗೆ ಗೆದ್ದಲು ಹತ್ತಿತ್ತು, ಬದಲಿಸಿದೆವು. ಖರ್ಚಿನಲ್ಲಿ ಜಾಸ್ತಿ ಪಾಲು ಅದಕ್ಕೇ ಹೋಯಿತು.

ಆರ್‌ಸಿಸಿ ಖೋಲಿಯ ಛತ್ತಿಗೆ ಮಾಡಿದ್ದು ಸಣ್ಣ ಕೆಲಸ. ನೀರಲ್ಲಿ ಕಲಸಿದ ಸುಣ್ಣಕ್ಕೆ ಸ್ವಲ್ಪ ಫೆವಿಕಾಲ್ ಬೆರೆಸಿ ಎರಡು ಕೋಟ್ ಬಳಿದೆ. ಬಿಳುಪು ಬಿಸಿಲನ್ನು ವಾಪಸ್ ಕಳಿಸುತ್ತದೆ. ಪಡಸಾಲೆಯಷ್ಟು ತಂಪಾಗಲಿಲ್ಲ, ಆದರೆ ರಾತ್ರಿ ಮಲಗಬಹುದು. ಮಳೆಗೆ ತೊಳೆದುಹೋಗುತ್ತದೆ, ವರ್ಷವರ್ಷ ಬಳಿಯಬೇಕು. ಆ ಛತ್ತಿನ ನೀರನ್ನೇ ಟಾಕಿಗೆ ಬಿಟ್ಟಿದ್ದೇನೆ. ಮಾಳಿಗೆಯ ನೀರು ರಾಡಿ. ಖೋಲಿ ಸುಮಾರು 28 ಚದರ ಮೀಟರ್. ನಮ್ಮ ಕಡೆ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಹಿಡಿದರೆ ಹದಿನಾರು ಸಾವಿರ ಲೀಟರ್ ಮೇಲೆ ಬೀಳುತ್ತದೆ. ಮೊದಲ ಎರಡು ಮಳೆಯ ನೀರು ಹೊರಗೆ ಬಿಡುತ್ತೇವೆ, ಉಳಿದದ್ದು ಬಟ್ಟೆ, ಪಾತ್ರೆಗೆ. ನಳಕ್ಕಾಗಿ ದಿನ ಎಣಿಸುವ ಓಣಿಯಲ್ಲಿ ಇದು ಕಡಿಮೆಯೇನಲ್ಲ.

ಸೋಲಾರ್ ಯಾಕಿಲ್ಲ ಅಂತ ಎಲ್ಲರೂ ಕೇಳುತ್ತಾರೆ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ, ನಿಜ. ಆದರೆ ಗೃಹಜ್ಯೋತಿಯಿಂದ ನಮ್ಮ ಬಿಲ್ ಸೊನ್ನೆ. ಕೈಯಿಂದ ದುಡ್ಡು ಹಾಕಲು ಸದ್ಯ ಮನಸ್ಸಿಲ್ಲ. ಹಳೇ 75 ವ್ಯಾಟ್ ಫ್ಯಾನ್ ತೆಗೆದು ಕಡಿಮೆ ಕರೆಂಟ್ ತಿನ್ನುವ 28 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿದ್ದೇನೆ, ಅಷ್ಟೇ.

ತಾಪತ್ರಯ ಇಲ್ಲ ಅಂತಲ್ಲ. ಪ್ರತಿ ವರ್ಷ ಮೃಗಶಿರಾ ಮಳೆಗೆ ಮುಂಚೆ ಮಾಳಿಗೆ ಮೇಲೆ ಸವಳು ಮಣ್ಣು ಹರವಬೇಕು, ಇಲ್ಲದಿದ್ದರೆ ಸೋರುತ್ತದೆ. ಆ ಕೆಲಸ ಬಲ್ಲ ಆಳು ಸಿಗುವುದೇ ಕಷ್ಟ. ಹೋದ ವರ್ಷ ಬಂದವನು ಈ ಸಲ ಬೆಂಗಳೂರಿಗೆ ಹೋಗಿದ್ದಾನೆ. ಮಣ್ಣಿನ ಗುಡ್ಡೆ ಕಟ್ಟೆಯ ಪಕ್ಕದಲ್ಲೇ ಬಿದ್ದಿದೆ. ಭಾನುವಾರ ಬುಟ್ಟಿ ಹಿಡಿದು ನಾನೇ ಹತ್ತಬೇಕು.